ನೀಲಾಂಬಿಕಾ ಒಬ್ಬಳೇ ವೆನಿಸ್‌ಗೆ ಹೋದದ್ದು

ಶೆಫೀಲ್ಡ್‌ನ ಬ್ರೂಮ್‌ಹಿಲ್‌ನಲ್ಲಿ ಇಪ್ಪತ್ತಾರು ವರ್ಷ ಸಂಸಾರ ಮಾಡಿದ ನೀಲಾಂಬಿಕಾ ಹಟದ ಹೆಂಗಸು. ಯಾರ ಮನೆಗೆ ಹೋದರೂ ಚಹಾ ಕುಡಿದ ಕಪ್ಪನ್ನು ತಾನೇ ತೊಳೆದಿಟ್ಟು ಬರುವಳು, ಬೇಡವೆಂದರೆ ಮುನಿಯುವಳು. ಅವಳ ಹಟಗಳಲ್ಲೆಲ್ಲ ದೊಡ್ಡದು, ಸಾಯುವುದರೊಳಗೆ ವೆನಿಸ್ ನೋಡಬೇಕೆಂಬುದು. ಹದಿನಾರನೆಯ ವಯಸ್ಸಿನಲ್ಲಿ ಗದಗಿನ ಟಾಕೀಸಿನಲ್ಲಿ ನೋಡಿದ ಒಂದು ಸಿನಿಮಾದಲ್ಲಿ ಆ ಊರಿತ್ತು. ಕಥೆ ಮರೆತುಹೋಗಿತ್ತು, ನಾಯಕಿಯ ಮುಖವೂ ಮರೆತುಹೋಗಿತ್ತು. ಬಾಗಿಲು ತೆರೆದರೆ ನೀರು, ನೀರಿನ ಮೇಲೆ ಬಿಸಿಲು, ಅಷ್ಟು ಮಾತ್ರ ಕಣ್ಣಲ್ಲಿ ಉಳಿದಿತ್ತು.

ಗಂಡ ದೇವೇಂದ್ರಪ್ಪ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. "ಈ ಡ್ಯೂಟಿ ರೋಟಾ ಒಂದ್ ಮುಗೀಲಿ, ಹೋಗೂಣು" ಎಂದು ಇಪ್ಪತ್ತು ವರ್ಷ ತಳ್ಳಿದ. 2003ರ ಡಿಸೆಂಬರಿನ ಒಂದು ಮುಂಜಾನೆ ಬೂಟಿನ ಲೇಸು ಕಟ್ಟುತ್ತ ಕೂತವನು ಹಾಗೆಯೇ ಹೋಗಿಬಿಟ್ಟ. ನೀಲಾಂಬಿಕಾಗೆ ಅಳು ಬರಲಿಲ್ಲ, ಸಿಟ್ಟು ಬಂತು. ಗಂಡನ ಮೇಲೆ, ರೋಟಾ ಬರೆದವರ ಮೇಲೆ, ಶಿವನ ಮೇಲೆ. ಕೊರಳಲ್ಲಿ ಇಷ್ಟಲಿಂಗವನ್ನೇನೋ ಧರಿಸಿಯೇ ಇದ್ದಳು. ಆದರೆ ಬೆಳ್ಳಿಯ ಕರಡಿಗೆ ತೆರೆದು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವುದನ್ನು ಅವನನ್ನು ಮಣ್ಣು ಮಾಡಿದ ದಿನದಿಂದಲೇ ನಿಲ್ಲಿಸಿದಳು. ಲೀಡ್ಸ್‌ನಲ್ಲಿದ್ದ ಮಗಳು ಭಾಗ್ಯಶ್ರೀ ಫೋನಿನಲ್ಲಿ ವಿಚಾರಿಸಿದರೆ "ಆತವಾ ಪೂಜಿ" ಎಂದು ಸುಳ್ಳು ಹೇಳುತ್ತಿದ್ದಳು.

ಹನ್ನೊಂದು ತಿಂಗಳು ಹೀಗೇ ಕಳೆದವು. ಅವಳು ಅರೆಹೊತ್ತು ಕೆಲಸ ಮಾಡುತ್ತಿದ್ದ ಲೈಬ್ರರಿಯಲ್ಲಿ, ಬೆಳಿಗ್ಗೆ ಒಯ್ದು ಸಂಜೆ ವಾಪಸು ತರುವ ವೆನಿಸ್ ವಿಮಾನದ ಜಾಹೀರಾತು ಕಂಡದ್ದೇ ತಡ, ಒಂದೇ ಒಂದು ಟಿಕೆಟ್ ತೆಗೆಸಿದಳು. ಯಾರಿಗೂ ಹೇಳಲಿಲ್ಲ. ನೀವು ಬರದಿದ್ದರೆ ನನಗೇನೂ ಕಡಿಮೆಯಿಲ್ಲ ಎಂದು ಸತ್ತ ಗಂಡನಿಗೆ ತೋರಿಸಿಕೊಡಬೇಕಿತ್ತು.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕೊರಳ ಬೆಳ್ಳಿ ಕರಡಿಗೆ ಯಂತ್ರವನ್ನು ಸದ್ದು ಮಾಡಿಸಿತು. ಅಲ್ಲಿದ್ದ ಹೆಂಗಸು ಮರ್ಯಾದೆಯಿಂದಲೇ, ತೆರೆದು ತೋರಿಸುತ್ತೀರಾ ಎಂದಳು. ನೀಲಾಂಬಿಕಾ ತೆರೆದಳು. ಒಳಗೆ ಕೆಂಪು ರೇಷ್ಮೆಯಲ್ಲಿ ಸುತ್ತಿದ ತನ್ನ ಲಿಂಗವಿರಬೇಕಿತ್ತು. ಇದ್ದದ್ದು ಹಸಿರು ಬಟ್ಟೆ. ಆಪರೇಷನ್ ಥಿಯೇಟರಿನ ಹಳೆಯ ಟೋಪಿ ಕತ್ತರಿಸಿ ಲಿಂಗಕ್ಕೆ ವಸ್ತ್ರ ಮಾಡಿಕೊಂಡ ಭೂಪ ಜಗತ್ತಿನಲ್ಲಿ ಒಬ್ಬನೇ, ಅವಳ ಗಂಡ. ಅದಕ್ಕಾಗಿ ಅವನನ್ನು ಬೈಯದ ವಾರವಿರಲಿಲ್ಲ.

ಆದದ್ದೇನೆಂದು ಅಲ್ಲೇ ಹೊಳೆಯಿತು. ಸತ್ತವರ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಮಣ್ಣು ಮಾಡುವುದು ಪದ್ಧತಿ. ಮದುವೆಗೆಂದು ಗದಗಿನ ಒಬ್ಬನೇ ಅಕ್ಕಸಾಲಿಗ ಎರಡೂ ಕರಡಿಗೆಗಳನ್ನು ಒಂದೇ ಅಚ್ಚಿನಲ್ಲಿ ಮಾಡಿಕೊಟ್ಟಿದ್ದ. ಮಣ್ಣಿನ ದಿನ, ದಾರ ಬದಲಿಸಲೆಂದು ಬಿಚ್ಚಿದ ತನ್ನದೂ ಅವನ ಮೈಮೇಲಿಂದ ತೆಗೆದದ್ದೂ ದೇವರ ಜಗುಲಿಯ ಮೇಲೆ ಅಕ್ಕಪಕ್ಕ ಇದ್ದವು. ಸ್ವಾಮಿಗಳು ಸಿಗದ ಊರಲ್ಲಿ ವಿಧಿ ನಡೆಸಲು ಡರ್ಬಿಯಿಂದ ಬಂದಿದ್ದ ಪಂಚಾಕ್ಷರಿಯವರು "ಲಿಂಗ ಕೊಡ್ರಿ ಅಕ್ಕಾರ" ಎಂದಾಗ, ಕಣ್ಣಿಗೆ ಕತ್ತಲೆ ಕಟ್ಟಿದ್ದವಳು ಒಂದನ್ನು ಎತ್ತಿ ಕೊಟ್ಟಿದ್ದಳು. ಅವರು ಅದನ್ನು ಮುಚ್ಚಿದ ಕರಡಿಗೆಯ ಸಮೇತವೇ ಅವನ ಅಂಗೈಯಲ್ಲಿಟ್ಟಿದ್ದರು. ಕೊಟ್ಟದ್ದು ತನ್ನದು.

ಲಿಂಗವೇ ಪ್ರಾಣ ಎನ್ನುತ್ತಾರೆ. ಹಾಗಾದರೆ ಮಣ್ಣಾದದ್ದು ಯಾರು? ಈ ಪ್ರಶ್ನೆ ವಿಮಾನದಲ್ಲೂ ಅವಳ ಜೊತೆಗೇ ಕೂತಿತ್ತು.

ವೆನಿಸ್‌ನಲ್ಲಿ ಬಿಸಿಲಿರಲಿಲ್ಲ. ನವೆಂಬರಿನ ಮಂಜು ಮನೆಗಳನ್ನು ಅರ್ಧಕ್ಕೇ ನುಂಗಿತ್ತು, ಕಪ್ಪು ನೀರು ಬಾಗಿಲುಗಳ ಮೆಟ್ಟಿಲನ್ನು ನೆಕ್ಕುತ್ತಿತ್ತು. ಕಾಫಿ ಅಂಗಡಿಯಲ್ಲಿ ಇಪ್ಪತ್ತು ನಿಮಿಷ ನಿಂತರೂ ಏನು ಬೇಕೆಂದು ಕೇಳುವವರಿಲ್ಲ. ಎದುರು ಬಂದ ಮುದುಕಿಯೊಬ್ಬಳು ಇವಳ ಭುಜಕ್ಕೆ ಭುಜ ತಾಗಿಸಿಕೊಂಡು ಹೋದಳು, ತಿರುಗಿಯೂ ನೋಡಲಿಲ್ಲ. ಮುಖ ನೋಡಿಕೊಳ್ಳೋಣವೆಂದು ಅಂಗಡಿಯ ಗಾಜಿನ ಮುಂದೆ ನಿಂತರೆ ಗಾಜಿಗೆ ಉಗಿ ಹಿಡಿದಿತ್ತು. ಒರೆಸಿ ನೋಡಲು ಧೈರ್ಯವಾಗಲಿಲ್ಲ.

ಸೇತುವೆ ದಾಟಿ ಕಿರಿದಾದ ಓಣಿಗೆ ತಿರುಗಿದಾಗ ಹಿಂದೆ ಹೆಜ್ಜೆಯ ಸದ್ದು ಕೇಳಿಸಿತು. ಅವಳು ನಿಂತರೆ ಅದೂ ನಿಂತಿತು. ನಡೆದರೆ ನಡೆಯಿತು. ಎರಡು ಸಲ ತಿರುಗಿ ನೋಡಿದಳು, ಮಂಜಿನ ಹೊರತು ಏನೂ ಇಲ್ಲ. ಓಣಿ ನೀರಿನಲ್ಲಿ ಮುಗಿದಾಗ, ಅಲ್ಲಿನ ಮೆಟ್ಟಿಲ ಮೇಲೆ ನಿಂತು ಮೊಬೈಲ್ ತೆಗೆದು ಪಂಚಾಕ್ಷರಿಯವರಿಗೆ ಫೋನ್ ಮಾಡಿ, ವೆನಿಸ್‌ಗೆ ಒಬ್ಬಳೇ ಬಂದು ನೀರಿನ ಮೆಟ್ಟಿಲ ಮೇಲೆ ನಿಂತದ್ದನ್ನೂ ಕರಡಿಗೆಯ ವಿಷಯವನ್ನೂ ಒಂದೇ ಉಸಿರಿಗೆ ಹೇಳಿದಳು.

ಅವರು, "ಗಾಬರಿ ಆಗಬ್ಯಾಡ್ರಿ ಅಕ್ಕಾರ. ತಪ್ಪು ನಂದೂ ಐತಿ, ನಾ ತೆರೆದು ನೋಡಬೇಕಿತ್ತು. ಹೋದವರ ಲಿಂಗ ಇಟ್ಕೋಬಾರದು, ನೀರಿಗೆ ಬಿಡಬೇಕು. ನೀವು ನೀರಿನ ದಂಡಿಗೇ ನಿಂತೀರಿ. ಬಿಟ್ಟು ಬಿಡ್ರಿ. ನಿಮಗ ಹೊಸಾದು ಧಾರವಾಡದಿಂದ ತರಿಸೂಣು. ಇಲ್ಲಂದ್ರ ಅವರೂ ಪೂರಾ ಹೋಗೂದಿಲ್ಲ, ನೀವೂ ಇಲ್ಲಿ ಪೂರಾ ಇರೂದಿಲ್ಲ" ಎಂದರು.

ನೀಲಾಂಬಿಕಾ ಹಸಿರು ಬಟ್ಟೆ ಬಿಚ್ಚಿದಳು. ಕಂಥಿಯ ಕಪ್ಪು ಲೇಪವಿದ್ದ ಲಿಂಗ ಎಡ ಅಂಗೈಯಲ್ಲಿ ಐಸಿನಂತೆ ತಣ್ಣಗಿತ್ತು. ಕೈಯನ್ನು ನೀರಿನ ಮೇಲೆ ಚಾಚಿದಳು. ತುಸು ಓರೆ ಮಾಡಿದರೆ ಮುಗಿಯಿತು. ಹಿಂದಿನ ಹೆಜ್ಜೆಗಳು ಒಂದು ಮೆಟ್ಟಿಲು ಇಳಿದವು, ಇನ್ನೊಂದು ಇಳಿದವು, ಅವಳ ಬೆನ್ನಿಗೇ ಬಂದು ನಿಂತವು.

"ಅಕ್ಕಾರ, ಬಿಟ್ರ್ಯಾ?"

"ಇಲ್ರಿ." ಭಯದ ನಡುವೆಯೂ ಅವಳ ದನಿಯಲ್ಲಿ ಹಳೆಯ ಸಿಟ್ಟಿತ್ತು. "ನಂದು ಅವರು ಒಯ್ದಾರಲ್ರಿ, ವಾಪಸ್ ಕೊಟ್ಟಾರೇನು? ಮತ್ತ ಅವರದು ನಾ ಯಾಕ ಬಿಡ್ಲಿ?"

ಆಮೇಲೆ ಪಂಚಾಕ್ಷರಿಯವರು ದನಿ ತಗ್ಗಿಸಿ ಕೇಳಿದರು. "ಒಬ್ಬಾಕಿನ ಬಂದೇನಿ ಅಂದ್ರಲ್ಲ ಅಕ್ಕಾರ? ನಿಮ್ಮ ಹಿಂದ ಯಾರೋ ಗಂಡಸರು ನಕ್ಕಂಗಾತು."

ನೀಲಾಂಬಿಕಾ ತಿರುಗಿ ನೋಡಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆಳೆದು ಮುಷ್ಟಿ ಮುಚ್ಚಿ ಎದೆಗೊತ್ತಿಕೊಂಡಳು, ಮತ್ತು ಅವನು ಹೋದ ಮೇಲೆ ಮೊದಲ ಸಲ ಅತ್ತಳು.