ಕಿತ್ತೂರಿನಾಗ ಕಂಡ ಜಪಾನ್ ಗಾಡಿ

ಯಾರರ ಒಂದು ಸಾಮಾನ ತೋರಿಸಿ "ಇದು ಇಂಥಾ ಊರಿಂದು" ಅಂದರ ನಾ ಒಮ್ಮೆಲೆ ನಂಬೂದಿಲ್ಲ. ಕಾರಣ ಐತಿ. ರಾಮದುರ್ಗದ ನಮ್ಮ ಮನಿ ಕುಣಿ ಮಗ್ಗದಾಗ ಕುಂತು ಮೂವತ್ತು ವರ್ಷ ನಾ ನೇದದ್ದು ಇಲಕಲ್ಲ ಸೀರಿ. ಇಲಕಲ್ಲ ಊರು ಮಾತ್ರ ಇವತ್ತಿನತನಾ ನೋಡಿಲ್ಲ. ನೂಲು ಗಿರಣಿಂದು, ರೇಷ್ಮಿ ಬೆಂಗಳೂರ ಕಡಿಂದು, ಬಣ್ಣ ಯಾವ ದೇಶದ್ದೋ, ಡಬ್ಬಿ ಮ್ಯಾಲೆ ಬರದದ್ದು ಓದಾಕ ನನಗ ಬರತಿರಲಿಲ್ಲ. ನಾ ಕಲತದ್ದು ಎರಡನೇ ಇಯತ್ತೆ. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದತೇನಿ, ಅಷ್ಟ.

ವಾರಕ್ಕೊಮ್ಮೆ ಸಾವಕಾರ ಬರಾವ. ಸೀರಿ ಬಿಚ್ಚಿ, ದಡಿ ತಿಕ್ಕಿ ನೋಡಿ, "ಎಷ್ಟಾದರೂ ರಾಮದುರ್ಗದ ಮಾಲ ಬೇ ಇದು, ಇಲಕಲ್ಲಿನ ಕೂಲಿ ಕೇಳಬ್ಯಾಡ" ಅನ್ನಾವ. ಒಂದಿನ ಬಸ್ಸಿನ ಸಲುವಾಗಿ ಅವನ ಅಂಗಡಿ ಮುಂದ ನಿಂತಿದ್ದೆ. ಒಳಗ ನನ್ನ ಕೈಲೆ ನೇದ ಸೀರೀನ ಒಬ್ಬಾಕಿ ಮುಂದ ಹರವಿ, "ಅಸಲಿ ಇಲಕಲ್ಲ ನೋಡ್ರೀ ಅಕ್ಕಾರ" ಅಂತ ಹೇಳಾಕ ಹತ್ತಿದ್ದ. ಒಂದಽ ಸೀರಿ. ಕೂಲಿ ಕೊಡೂವಾಗ ಒಂದು ಊರಿಂದು, ಮಾರೂವಾಗ ಇನ್ನೊಂದು ಊರಿಂದು. ಅವತ್ತಿನಿಂದ ನನಗ ಈ ರೋಗ ಹತ್ತೇತಿ.

ಎರಡು ಸಾವಿರದ ಇಸವಿ ದಾಟಿ ಮೂರು ನಾಕು ವರ್ಷ ಆಗಿರಬೇಕು. ಗಂಡ ತೀರಿಕೊಂಡಿದ್ದ, ನನ್ನ ಕಣ್ಣು ಎಳಿ ಹಿಡೀತಿರಲಿಲ್ಲ, ಮಗ್ಗ ನಿಂತಿತ್ತು. ಮಗಳನ್ನ ಸವದತ್ತಿಗೆ ಕೊಟ್ಟಿದ್ದೆ. ಅಳಿಯ ಮಂದಿ ಗಾಡಿ ಹೊಡಿತಿದ್ದ. ದೇವಿ ಗುಡ್ಡಕ್ಕ ಬಂದ ಮಂದೀನ ಉಗರಗೋಳಕ್ಕ, ನವಿಲುತೀರ್ಥಕ್ಕ ತಿರುಗಿಸಿ ಸಂಜಿಗೆ ಗಾಡಿ ಮಾಲಕನ ಬಾಗಲಾಗ ನಿಲ್ಲಿಸಿ ಬರೂದು ಅವನ ಕೆಲಸ.

ಒಂದಿನ ಮಗಳು ಬಂದಳು. ಚಾ ಕುಡದು ಬಾಯಿ ಬಿಟ್ಟಳು.

"ಯವ್ವಾ, ಮಗ್ಗದ ಖೋಲಿ ಖಾಲಿನಽ ಬಿದ್ದೇತಲ್ಲ. ಗೊಬ್ಬರದ ಅಂಗಡಿಯವರು ಕೇಳಾಕ ಹತ್ಯಾರಂತ. ಕೊಟ್ಟು ನಮ್ಮದ ಒಂದು ಗಾಡಿ ತಗೊಂಡರ..."

"ಇದು ನಿನ್ನ ಮಾತೋ, ನಿನ್ನ ಗಂಡಂದೋ?"

"ಇಬ್ಬರದೂ."

ರಸ್ತೇಕ ಹತ್ತಿದ ಆ ಖೋಲಿ ಒಂದ ನನ್ನ ಹೆಸರಿಲೆ ಇತ್ತು. ಮಗಳಿಗೆ ಕೊಡಾಕ ಅದನ್ನ ಬಿಟ್ಟು ನನ್ನ ಹಂತೇಕ ಬ್ಯಾರೆ ಏನೂ ಇರಲಿಲ್ಲ. ಗಾಡಿ ಖೊಟ್ಟಿ ಆತಂದರ ಆಕಿಗೆ ಖೋಲಿನೂ ಇಲ್ಲ, ಗಾಡಿನೂ ಇಲ್ಲ. "ಗಾಡಿ ನಾ ನೋಡಬೇಕು. ನೋಡದ ಸಹಿ ಮಾಡೂದಿಲ್ಲ" ಅಂದೆ.

ಗಾಡಿ ಕಿತ್ತೂರಿನಾಗ ಹೈವೇ ಮಗ್ಗಲ ಒಬ್ಬ ದಲಾಲಿ ಹಂತೇಕ ಇತ್ತು. ಬಳಸಿದ್ದಽ, ಆದರ ತೊಳದು ಮಿಂಚಿಸಿ ನಿಲ್ಲಿಸಿದ್ದ. ಎಂಟು ಮಂದಿ ಕುಂಡ್ರೂವಂಥಾದ್ದು. ಮುಂದ ಮೂಗಿನ ಮ್ಯಾಲೆ ಬೆಳ್ಳಿಯಂಗ ಹೊಳಿಯೂ ಒಂದು ಬಿಲ್ಲೆ.

"ಫಾರಿನ್ ಗಾಡಿ ರೀ ಅಮ್ಮಾರ. ಜಪಾನ್" ಅಂದ ದಲಾಲಿ.

"ರೇಟ್ ಯಾಕ ಇಷ್ಟು?"

"ಜಪಾನ್ ಅಲ್ರೀ!"

"ಕೆಟ್ಟರ ಸಾಮಾನ ಜಪಾನಿಂದ ತರಬೇಕೇನು ತಮ್ಮಾ?"

"ಏ ಬಿಡ್ರೀ, ಎಲ್ಲಾ ಬೆಂಗಳೂರ ಕಡೆ ತಯಾರ ಆಗತೈತಿ. ಪಕ್ಕಾ ನಮ್ಮ ದೇಶದ್ದ."

"ಹಂಗಾರ ನಮ್ಮ ದೇಶದ ರೇಟ್ ಹೇಳು."

ಚಾ ತಂದಾವ ನಕ್ಕ. ಅಳಿಯ ನನ್ನ ಕಿವ್ಯಾಗ, "ಅತ್ತೀ, ಇಲ್ಲಿ ಕಾಯಿಪಲ್ಲೆ ಸಂತಿ ನಡದಿಲ್ರೀ" ಅಂದ.

ನಡೀಲಿ ಬಿಡ್ಲಿ, ನಾ ಬಿಡಲಿಲ್ಲ. ಮಗಳು ಹತ್ತನೇತ್ತೆ ಮುಟ್ಟಿದಾಕಿ, ಇಂಗ್ಲಿಷ ಓದತಾಳ. ಗಾಡಿ ಸುತ್ತ ತಿರುಗಿಸಿ ಬರದದ್ದೆಲ್ಲಾ ಓದಿಸಿದೆ. ಗ್ಲಾಸಿನ ಮ್ಯಾಲೆ ಒಂದು ಹೆಸರು, ಟಾಯರಿನ ಮ್ಯಾಲೆ ಒಂದು, ಬ್ಯಾಟ್ರಿ ಮ್ಯಾಲೆ ಮತ್ತೊಂದು. ಜಪಾನ್ ಅಂತ ಕಂಡದ್ದು ಒಳಗ ಎಲ್ಲೋ ಒಂದು ಸಣ್ಣ ಡಬ್ಬಿ ಮ್ಯಾಲೆ.

"ತಮ್ಮಾ, ಈ ಮುಂದಿನ ಬಿಲ್ಲೆ ಕಿತ್ತಿ ತಗದರ ಇದು ಯಾವ ದೇಶದ್ದು?"

"ಬಿಲ್ಲೆ ಕಿತ್ತರ ಯಾರೂ ತಗೊಳ್ಳೂದಿಲ್ರೀ ಅಮ್ಮಾರ."

ಅವನ ಬಾಯಿಂದ ನನಗ ನಮ್ಮ ಸಾವಕಾರನ ದನಿ ಕೇಳಿಸಿತು. ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡದೆ. "ತಗೊಂಡರ ಸರಕಾರಿ ಸಾಹೇಬರು ಅಡ್ಡಾಡತಿದ್ದ ಆ ಹಳೇ ದುಂಡನ ಗಾಡಿ ತಗೋರಿ, ಅದು ನಮ್ಮ ದೇಶದ್ದು. ಇದಕ್ಕ ನನ್ನ ಸಹಿ ಇಲ್ಲ" ಅಂದೆ.

ಅಳಿಯ ಹಿಂದ ಬಂದ. "ಆ ದುಂಡ ಗಾಡ್ಯಾಗ ಈಗ ಯಾರು ಕುಂಡ್ರತಾರ್ರೀ? ಪುಣೆದಿಂದ ಬಂದ ಮಂದಿ ನೋಡಿ ಮುಂದಿನ ಗಾಡಿಗೆ ಹೋಗತಾರ. ನಿಮಗ ನನ್ನ ಮ್ಯಾಲೆ ಸಂಶೇ ಇದ್ದರ ಬೈಲಹೊಂಗಲದ ಮಿಸ್ತ್ರಿಗೆ ತೋರಸೂಣು. ಅವರು ಬ್ಯಾಡಂದರ ಬ್ಯಾಡ."

ಆ ಮಿಸ್ತ್ರಿ ಸಾಬರು, ನನ್ನ ಗಂಡನ ಗೆಣಿಯಾರು. ಗಾಡಿ ಬಿಚ್ಚಿ ಕೂಡಸೂದರಾಗನಽ ಗಡ್ಡ ಬೆಳ್ಳಗಾದವರು. ಅವರ ಮಾತು ತಗದು ಹಾಕಾಕ ಆಗೂದಿಲ್ಲ. ದಲಾಲಿ ಮೂರು ತಾಸಿನ ಮಟ್ಟಿಗೆ ಗಾಡಿ ಕೊಟ್ಟ, ತಾನೂ ಮಗ್ಗಲ ಕುಂತು ಬಂದ.

"ಮಿಸ್ತ್ರೀ, ಇದು ಯಾವ ದೇಶದ್ದು ಖರೇ ಹೇಳ್ರಿ" ಅಂದೆ.

ಅವರು ಕೈ ಒರಸಿಕೊಂತ ನಕ್ಕರು. "ಭಾಬೀ, ನೀವು ನಮ್ಮದು ಅಂತೀರಲ್ಲ ಆ ದುಂಡ ಗಾಡಿ, ಅದರ ಮೂಲ ನಮೂನಿ ಇಂಗ್ಲೆಂಡಿಂದು. ನಾವು ಬಡದು ಬಡದು, ವೆಲ್ಡಿಂಗ್ ಮಾಡಿ ಮಾಡಿ ಅದು ನಮ್ಮದಾತು."

ನನಗ ಕಪಾಳಕ್ಕ ಹೊಡದಂಗಾತು. ಅದೂ ಹಂಗಽ?

"ಮತ್ತ ಇದು?"

"ಹೆಸರು ಅಲ್ಲಿಂದು, ದುಡದವರು ಇಲ್ಲಿಯವರು, ಲಾಭ ಎಲ್ಲಿ ಹೋಗತೈತೋ ಅಲ್ಲಾನಽ ಬಲ್ಲ. ದೇಶಾ ನನಗ ಗೊತ್ತಿಲ್ರೀ ಭಾಬೀ. ಗಾಡಿ ಗೊತ್ತೈತಿ."

"ಹಂಗಾರ ಗಾಡೀನ ಹೇಳ್ರಿ."

ಗೋಣಿ ತಟ್ಟು ಹಾಸಿ ಗಾಡಿ ಕೆಳಗ ಹೋಗಿ ಮಲಗಿದರು. ಎಡಗಡೆ ಒಮ್ಮೆ ಬಡದೇತಿ, ಬಣ್ಣ ಹಚ್ಚಿ ಮುಚ್ಯಾರ ಅಂತ ಕೆಳಗಿಂದನಽ ಕೂಗಿದರು. ದಲಾಲಿ ಆಕಾಶ ನೋಡಿದ. ಇಂಜಿನ್ ಚಲೋ ಐತಿ ಅಂದರು. ಸಣ್ಣಪುಟ್ಟ ಸಾಮಾನ ಇಲ್ಲೇ ಬಜಾರದಾಗ ಸಿಗತಾವ, ಆ ಜಪಾನಿನ ಡಬ್ಬಿ ಒಂದು ಕೆಟ್ಟರ ಹುಬ್ಬಳ್ಳಿಗೆ ಹೋಗಬೇಕು ಅಂದರು.

ಗ್ಯಾರೇಜಿನ ಕಟ್ಟಿ ಮ್ಯಾಲೆ ಕುಂತು ವಿಚಾರ ಮಾಡಿದೆ. ನಾ ನೇದ ಸೀರಿ ಇಲಕಲ್ಲಿಂದಲ್ಲ, ಆದರ ಖೊಟ್ಟಿನೂ ಅಲ್ಲ. ಮನೋಳಿಯೊಳಗ ನಮ್ಮ ನಾದಿನಿ ಹದಿನೈದು ವರ್ಷದಿಂದ ಉಡಾಕ ಹತ್ಯಾಳ, ದಡಿ ಬಿಟ್ಟಿಲ್ಲ. ಸುಳ್ಳು ಸಾವಕಾರನ ಬಾಯಾಗಿತ್ತು, ಅರಿವ್ಯಾಗ ಇರಲಿಲ್ಲ. ಹಂಗಽ ಈ ದಲಾಲಿ ಎರಡು ನಾಲಿಗಿಯವ ಅಂತ ಗಾಡಿಗೆ ಯಾಕ ಬೈಬೇಕು? ಹೆಸರು ಹಚ್ಚಾವ ಬ್ಯಾರೆ, ಕೆಲಸಾ ಮಾಡಾವ ಬ್ಯಾರೆ.

ಅಲ್ಲಿಗೆ ಗಾಡಿ ಮ್ಯಾಲಿನ ಸಂಶೇ ಹೋತು. ಹೋದದ್ದು ಸೀದಾ ಅಳಿಯನ ಮ್ಯಾಲೆ ಹೋಗಿ ಕುಂತಿತು. ಮೂವತ್ತು ವರ್ಷ ನೇದರೂ ಒಂದು ಸೀರಿ ಮ್ಯಾಲೂ ನನ್ನ ಹೆಸರು ಬಂದಿರಲಿಲ್ಲ. ನನ್ನ ಖೋಲಿ ಹೋಗಿ ಗಾಡಿ ಬಂದರ, ಗಾಡಿ ಯಾರ ಹೆಸರಿಲೆ?

ಎದ್ದು ಹೇಳಿದೆ. "ಗಾಡಿ ಯಾವ ದೇಶದ್ದರ ಇರ್ಲಿ. ಕಾಗದದಾಗ ನನ್ನ ಮಗಳ ಹೆಸರು ಇರಬೇಕು. ಇದ್ದರ ಸಹಿ ಮಾಡತೇನಿ."

ಅಳಿಯನ ಮಾರಿ ಕೆಂಪಾತು. "ಹೆಂಗಸಿನ ಹೆಸರಿಲೆ ಗಾಡಿ ಮಾಡಿ ನಾ ಅದಕ್ಕ ಡ್ರೈವರ ಆಗ್ಲೇನ್ರೀ?"

"ಈಗೇನು ಆಗೀರಿ?"

"ಸ್ಟ್ಯಾಂಡಿನಾಗ ನಗತಾರ್ರೀ ಮಂದಿ."

"ನಕ್ಕವರು ಗಾಡಿ ಕೊಡಸ್ಲಿ."

ಮಗಳು ನನ್ನ ಸೆರಗು ಜಗ್ಗಿದಳು. "ಬಿಡ ಯವ್ವಾ, ಮನ್ಯಾಗ ಜಗಳ ಆಕ್ಕಾವ."

"ಆಗ್ಲಿ. ಖೋಲಿ ಇರೂವಾಗಽ ಆಗ್ಲಿ, ಹೋದ ಮ್ಯಾಲೆ ಬ್ಯಾಡ."

ಮಿಸ್ತ್ರಿ ನಟ್ಟು ಬಿಚ್ಚೂ ಪಾನಾ ಹುಡುಕೂ ನೆವಾ ಮಾಡಿ ಒಳಗ ಹೋದರು.

ಎಂಟು ದಿನ ಅಳಿಯ ಮಾತು ಬಿಟ್ಟ. ಒಂಬತ್ತನೇ ದಿನ ಧಾರವಾಡದವರು ಯಾರೋ ಆ ಗಾಡಿ ನೋಡಿ ಹೋದರಂತ ಸುದ್ದಿ ಬಂತು. ಸುದ್ದಿ ಖರೇನೋ ದಲಾಲೀನಽ ಹುಟ್ಟಿಸಿದ್ದೋ, ನನಗಂತೂ ಉಪಯೋಗ ಆತು. ಅಳಿಯ ಹೂಂ ಅಂದ. ನಾ ರಾಮದುರ್ಗದಾಗ ಖೋಲಿ ಮಾರೂ ಕಾಗದಕ್ಕ ಸಹಿ ಮಾಡಿದೆ. ಖೋಲಿ ರೊಕ್ಕಾ ಯಾರ ಕೈಯಾಗೂ ಕೊಡದ ನಾನಽ ಚೀಲದಾಗ ಹಿಡಕೊಂಡು ಕಿತ್ತೂರಿಗೆ ಹೋದೆ. ಫಾರಮಿನಾಗ ಮಗಳ ಹೆಸರು ಬರದು, ಅದನ್ನ ಆಕಿ ಎರಡು ಸಲ ನನಗ ಓದಿ ಹೇಳೂತನಾ ಚೀಲದ ಮ್ಯಾಲಿನ ಕೈ ತಗೀಲಿಲ್ಲ.

ಗಾಡಿ ಚಲೋ ನಡೀತು. ಆ ಡಬ್ಬಿ ಒಮ್ಮೆ ಕೆಟ್ಟಿತು, ಹುಬ್ಬಳ್ಳಿಗೆ ಹೋಗಬೇಕಾತು, ಅದನ್ನೂ ಹೇಳಬೇಕು. ಅಳಿಯ ಹಿಂದಿನ ಗ್ಲಾಸಿನ ಮ್ಯಾಲೆ ಕೆಂಪು ಬಣ್ಣದಾಗ ತನ್ನ ಹೆಸರು ದೊಡ್ಡದಾಗಿ ಬರಸಿಕೊಂಡ. ಬರಸ್ಲಿ, ಗ್ಲಾಸಿನ ಮ್ಯಾಲಿಂದು ಯಾವ ಆಫೀಸಿನಾಗೂ ನಡಿಯೂದಿಲ್ಲ.

ಆದರೂ ನಾ ಸವದತ್ತಿಗೆ ಹೋದಾಗೆಲ್ಲಾ ನೀರು ಕುಡಿಯೂಕಿಂತ ಮೊದಲು ಗಾಡಿ ಪುಸ್ತಕಾ ತಗಸಿ ನೋಡತೇನಿ. ಅದು ಇಂಗ್ಲಿಷಿನಾಗ ಐತಿ. ಮಗಳ ಹೆಸರಿನ ಅಕ್ಷರ ಅಷ್ಟ ಗುರ್ತ ಹಿಡಿಯಾಕ ಕಲತೇನಿ. "ಇನ್ನೂ ನಂಬಿಗಿ ಬಂದಿಲ್ಲೇನ್ರೀ ಅತ್ತೀ?" ಅಂತ ಅಳಿಯ ಕೇಳತಾನ. ನಾ ಬೆರಳು ಇಟ್ಟು ಒಂದೊಂದ ಅಕ್ಷರ ನೋಡತೇನಿ.