ನಮ್ಮ ದೋಣಿನೂ ಬರೀರಿ ಅಂದೆ

ಮುಂಜಾನೆ ಹೊಳಿ ದಂಡಿಗಿ ಹೋಗಿ ನೋಡಿದ್ರ ದೋಣಿ ಇಲ್ಲ. ದೋಣಿ ಕಟ್ಟೋ ಕಲ್ಲೂ ಇಲ್ಲ!

ದಂಡಿಗುಂಟ ಓಡಿ ಹುಡುಕಿದೆ.

ನಮ್ಮೂರು ಸುರಪುರ ತಾಲೂಕಿನ್ಯಾಗ, ಕೃಷ್ಣಾ ಹೊಳಿ ದಂಡಿ ಮ್ಯಾಲ ಅದರಿ. ನಮ್ಮ ಮಾವನ ಕಾಲದಿಂದ ಮೂರು ಮನಿಯವರು ಆ ಕಲ್ಲಿಗೇ ಮೀನಿನ ದೋಣಿ ಕಟ್ಟತೀವಿ. ಹೊಳಿಗಿ ಎಂಥಾ ಮಹಾಪೂರ ಬಂದ್ರೂ ಅದು ಅಲುಗಾಡಿದ್ದಿಲ್ಲ.

ಈ ಸಲ ಒಬ್ರು ಸಾಹುಕಾರ್ರು ಟೂರಿಸ್ಟ್ ಮಂದಿಗಂತ ದೊಡ್ಡ ಫೈಬರ್ ಬೋಟ್ ತಂದ್ರು. ಒಳಗ ಸೋಫಾ, ಬಣ್ಣದ ಲೈಟು... ಎಲ್ಲಾ ತಂದ್ರು, ಕಟ್ಟಾಕ ಒಂದು ಗೂಟ ತರ್ಲಿಲ್ಲ. ನಮ್ಮ ಕಲ್ಲಿಗೇ ಸರಪಳಿ ಸುತ್ತಿದ್ರು.

ನನಗ ಮೊದ್ಲೇ ಎಲ್ಲದಕ್ಕೂ ಅಂಜಿಕಿ. ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ನಡು ದಾರ್ಯಾಗ ಬಸ್ ಇಳದು ಮನಿಗಿ ಓಡಿ ಬಂದಾಕಿ ನಾನು.

"ಸಾಹುಕಾರ್ರ, ಈ ಕಲ್ಲು ನಮ್ಮ ಸಣ್ಣ ದೋಣಿ ತಡೀತದ, ನಿಮ್ದು ತಡಿಯಂಗಿಲ್ರಿ" ಅಂದೆ.

"ಏ ತಂಗಿ, ಹೊಳಿಗೇ ಇಲ್ಲದ ಚಿಂತಿ ನಿನಗ್ಯಾಕ?" ಅಂತ ನಕ್ಕರು. ನನ್ನ ಗಂಡನೂ ನಕ್ಕ. ಆ ಸಿಟ್ಟು ಇನ್ನೂ ಹೋಗಿಲ್ಲ ನನಗ.

ಒಂದು ರಾತ್ರಿ ಹೊಳಿ ತುಂಬಿ ಬಂತು. ಬೋಟ್ ಜಗ್ಗಿದ ಜಗ್ಗಿಗಿ ಕಲ್ಲೇ ಕಿತ್ತು ಹೋತು. ಅದರ ಜೋಡಿ ನಮ್ಮ ಮೂರೂ ದೋಣಿ.

ಎರಡು ದಿನಕ್ಕ ನೀರು ಇಳದ ಮ್ಯಾಲ, ಕೆಳಗಿನ ಊರಿನ ಭತ್ತದ ಗದ್ದ್ಯಾಗ ಎಲ್ಲಾ ಸಿಕ್ವು. ಬೋಟ್ ವಾಲಿಕೊಂಡು ಕುಂತಿತ್ತು. ಅದರ ಮುಂದೇ ನಮ್ಮ ದೋಣಿ, ಮಗ್ಗಲು ಒಡದು ಕೆಸರಾಗ ಹುಗದಿತ್ತು. ಉಳಿದ ಎರಡು ಮನಿ ದೋಣಿನೂ ಅಲ್ಲೇ ಒಡದು ಬಿದ್ದಿದ್ವು.

ಮಂದಿನೇ ಮಂದಿ. ಬೋಟ್ ಮುಂದ ನಿಂತು ಸೆಲ್ಫಿ! ಫೋಟೋದ ಮೂಲ್ಯಾಗ ಕರ್ರಗ ಏನೋ ಕಾಣತದಲ್ಲ... ಅದು ನಮ್ದರಿ.

ಸರಕಾರದ ಲೆಕ್ಕ ಬರಿಯೋ ತಲಾಟಿ ಬಂದು ಪರಿಹಾರಕ್ಕಂತ ನುಕ್ಸಾನದ ಪಂಚನಾಮ ಬರದ್ರು. ಬೋಟ್, ಒಂದು.

"ನಮ್ದು?" ಅಂದೆ.

"ನಿಮ್ದಕ್ಕ ನಂಬರ್ ಅದ ಏನವ್ವ?"

"ನಂಬರ್ ಇಲ್ರಿ, ಊರಿಗೆಲ್ಲ ಗೊತ್ತದ."

"ಹಂಗ ಬರಿಯಾಕ ಬರಂಗಿಲ್ಲ."

ಅಷ್ಟರಾಗ ಬೋಟ್ ಎತ್ತಾಕ ಜೆಸಿಬಿ ಬಂತು. "ಅದನ್ನ ಮೊದ್ಲು ಆಕಡಿ ದಬ್ಬು" ಅಂತ ಸಾಹುಕಾರ್ರು ನಮ್ಮ ದೋಣಿ ತೋರಿಸಿದ್ರು.

ದಬ್ಬಿದ್ರ ಅದು ಪುಡಿಪುಡಿ. ಆಮ್ಯಾಲ ದೋಣಿ ಇತ್ತು ಅಂತ ಏನು ತೋರಿಸ್ಲಿ?

ಏಳನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ ನಾನು. ಆಫೀಸಿನವರ ಕೈಯಾಗ ಕಾಗದ ಕಂಡ್ರ ಮಾತೇ ಹೊಂಡಂಗಿಲ್ಲ. ಆದ್ರ ಅವತ್ತ ಏನಾತೋ... ಸೀರಿ ಎತ್ತಿ ಕಟ್ಟಿ, ಕೆಸರಾಗ ಇಳದು, ಆ ಒಡದ ದೋಣ್ಯಾಗ ಹೋಗಿ ಕುಂತುಬಿಟ್ಟೆ.

"ಬರೀರಿ. ಬರದ ಮ್ಯಾಲೇ ಏಳ್ತೀನಿ."

ಜೆಸಿಬಿ ಬಕೆಟ್ ಎದುರಿಗೇ ಅದ. ಸಾಹುಕಾರ್ರು "ಸಾಕು ಮಾಡ ತಂಗಿ ನಾಟಕ" ಅಂತ ಒದರಾಕತ್ತಾರ. ನನ್ನ ಗಂಡ "ಏಳ, ಮಂದಿ ವಿಡಿಯೋ ಮಾಡಾಕತ್ತಾರ" ಅಂತಾನ.

ಡ್ರೈವರ್ ಇಂಜಿನ್ ಬಂದ್ ಮಾಡಿದ. "ಹೆಣ್ಮಗಳು ಕುಂತಾಳ್ರಿ. ನಾ ಒಲ್ಲೆ" ಅಂದು ಕೆಳಗ ಇಳದು ಬೀಡಿ ಹಚ್ಚಿದ.

ಆವಾಗ ನನ್ನ ಗಂಡನೂ ಕೆಸರು ತುಳಕೊಂಡು ಬಂದು ನನ್ನ ಬಾಜು ಕುಂತ.

ಬಿಸಿಲು ನೆತ್ತಿಗಿ ಬಂದ ಮ್ಯಾಲ ತಲಾಟಿ ಪೆನ್ನು ತಗದ್ರು. ಓದಿ ಹೇಳ್ರಿ ಅಂದೆ. "ಮೀನಿನ ದೋಣಿ, ಮೂರು" ಅಂತ ಓದಿದ್ರು. ಎರಡು ಸಲ ಓದಿಸಿದೆ.

ಎಲ್ಲಾರ ಕಣ್ಣ ಮುಂದೇ ಒಡದು ಬಿದ್ದದ್ದನ್ನ "ಅದ" ಅಂತ ಬರಸಾಕ, ಅದರಾಗ ಮನಷ್ಯಾರು ಹೋಗಿ ಕುಂದ್ರಲೇಬೇಕೇನ್ರಿ?