ಹಣಮಪ್ಪನಾಗಿ ಕೂರುವ ಜಯಶೀಲಾ

ಆ ಪ್ರಶ್ನೆ ಕೇಳಲು ಹತ್ತು ಸೆಕೆಂಡ್ ಸಾಕು. ಉತ್ತರ ಕೇಳಿಸಿಕೊಳ್ಳಲು ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಐದೂ ಮುಕ್ಕಾಲರ ಬಸ್ಸು ಹೋಗಿರುತ್ತದೆ, ಮನೆ ಸೇರುವುದು ಎಂಟಾಗುತ್ತದೆ. ಖರ್ಚು ಇಷ್ಟೇ. ಜಯಶೀಲಾ ತಮ್ಮ ತರಗತಿಯನ್ನು ಈ ಲೆಕ್ಕದಿಂದಲೇ ಶುರು ಮಾಡುತ್ತಾರೆ.

ಶನಿವಾರ ಬೆಳಿಗ್ಗೆ ಆರೂವರೆ. ಜೆ.ಪಿ. ನಗರದ ಸಮುದಾಯ ಭವನವೊಂದರ ಬೀಗ ತೆಗೆದು, ಅರವತ್ತಮೂರು ವರ್ಷದ ಈ ನಿವೃತ್ತ ನರ್ಸ್ ತಾವೇ ಕಸ ಗುಡಿಸುತ್ತಿದ್ದಾರೆ. ಗೊಟ್ಟಿಗೆರೆಯಿಂದ ಬೆಳಗಿನ ಬಸ್ಸಿಗೆ ಬಂದವರು. ಕೈಯಲ್ಲಿ ಕಾಫಿ ಫ್ಲಾಸ್ಕು, ಒಂದಿಷ್ಟು ಪೇಪರ್ ಲೋಟ. ಏಳಕ್ಕೆ ಹನ್ನೊಂದು ಮಂದಿ ಬರುತ್ತಾರೆ. ಎಲ್ಲರೂ ಜೈಲುಗಳಲ್ಲಿ ಕೆಲಸ ಮಾಡುವ ಆಪ್ತ ಸಮಾಲೋಚಕರು, ನರ್ಸ್‌ಗಳು. ಕೈದಿಗಳ ಆತ್ಮಹತ್ಯೆ ತಡೆಯುವುದು ಹೇಗೆಂದು ಅವರಿಗೆ ಕಲಿಸುವುದು ಜಯಶೀಲಾ ಅವರ ಕೆಲಸ. ಮೂರು ವರ್ಷದಲ್ಲಿ ನಾನೂರು ಜನ ಕಲಿತು ಹೋಗಿದ್ದಾರೆ.

"ಇಪ್ಪತ್ತಾರು ವರ್ಷ ಜೈಲಾಸ್ಪತ್ರೆಲಿದ್ದೆ. ನಮ್ಮ ಸೊಸೆ ಚೈತ್ರ ರೇಗಿಸ್ತಾಳೆ, ‘ಅತ್ತೆ, ನಿಮ್ಮ ಶಿಕ್ಷೆ ಮುಗೀತಲ್ಲ, ಇನ್ನೂ ಯಾಕೆ ಜೈಲು ಜೈಲು ಅಂತೀರಾ’ ಅಂತ," ಎಂದು ನಗುತ್ತಾರೆ.

ತರಗತಿಯಲ್ಲಿ ಬೋರ್ಡಿಲ್ಲ, ಎದುರುಬದುರು ಎರಡು ಸ್ಟೂಲುಗಳಿವೆ. ಒಂದರ ಮೇಲೆ ಜಯಶೀಲಾ, ಹಣಮಪ್ಪ (ಹೆಸರು ಬದಲಿಸಿದೆ) ಎಂಬ ವಿಚಾರಣಾಧೀನ ಕೈದಿಯಾಗಿ ಕೂರುತ್ತಾರೆ. ಒಂಬತ್ತು ವರ್ಷದ ಹಿಂದೆ, ಒಂದು ಸಂಜೆ ಅವನು ತಮಗೆ ಹೇಳಿದ್ದನ್ನೇ ಹೇಳುತ್ತಾರೆ: "ಸಿಸ್ಟರ್, ನನ್ನ ಕಂಬಳಿ ಆ ಮುದುಕಪ್ಪಗ ಕೊಡ್ರಿ. ನನಗಿನ್ನ ಬ್ಯಾಡ."

ಎದುರು ಕೂತವರು ಮಾತು ಮುಂದುವರಿಸಬೇಕು. ಹೆಚ್ಚಿನವರು "ಆಯ್ತು, ನಾಳೆ ನೋಡೋಣ" ಎಂದುಬಿಡುತ್ತಾರೆ. ಇಂದು ಕೂತವರು ಮೌನೇಶ. ಊರು ಲಿಂಗಸುಗೂರು, ಬಿಟಿಎಂನಲ್ಲಿ ಬಾಡಿಗೆ ರೂಮು, ಸಮಾಲೋಚಕರಾಗಿ ನಾಲ್ಕೇ ತಿಂಗಳು.

"ಯಾಕ್ರಿ ಹಣಮಪ್ಪ, ನಿಮಗ ಚಳಿ ಆಗಂಗಿಲ್ಲೇನು?"

"ಇಲ್ರಿ."

"ಮತ್ತ, ಬ್ಯಾರೆ ಏನರ ವಿಚಾರ ಐತೇನ್ರಿ?"

ಜಯಶೀಲಾ ಪಾತ್ರ ಬಿಟ್ಟು ಹೊರಬರುತ್ತಾರೆ. "ಬೇರೆ ವಿಚಾರ ಅಂದ್ರೆ ಏನಪ್ಪಾ, ಮದುವೆನಾ? ನೇರವಾಗಿ ಕೇಳು."

"ಬಾಯಾಗ ಬರವಲ್ದು ಮೇಡಂ. ಕೇಳಿದ್ರ, ಇಲ್ಲದ ವಿಚಾರ ನಾನ ಅವರ ತಲ್ಯಾಗ ಹಾಕಿದಂಗ ಆಗ್ತದ."

"ಆಗಲ್ಲ. ಕೇಳಿದ್ರಿಂದ ಯಾರೂ ಸಾಯಲ್ಲ. ಒಬ್ರೇ ಹೊತ್ಕೊಂಡಿರ್ತಾರೆ, ಇಳಿಸೋಕೆ ಜಾಗ ಸಿಗತ್ತೆ."

ಮೌನೇಶ ನೀರು ಕುಡಿಯುತ್ತಾರೆ. ಮತ್ತೆ ಎದುರು ನೋಡಿ ಕೇಳುತ್ತಾರೆ: "ಹಣಮಪ್ಪ, ನಿಮಗ ಸಾಯಬೇಕು ಅಂತ ಅನಸಾಕತ್ತೈತೇನ್ರಿ?"

ಜಯಶೀಲಾ ಸ್ಟೂಲಿನಿಂದ ಏಳುತ್ತಾರೆ. "ಇಲ್ಲಿಗೆ ನನ್ನ ಪಾತ್ರ ಮುಗೀತು," ಎನ್ನುತ್ತಾರೆ. "ಅವನು ಏನು ಹೇಳ್ತಿದ್ದ ಅಂತ ನಂಗೊತ್ತಿಲ್ಲ. ನಾನು ಕೇಳ್ಲಿಲ್ಲ. ರಿಜಿಸ್ಟರಲ್ಲಿ ‘ಶಾಂತವಾಗಿದ್ದಾನೆ’ ಅಂತ ಬರ್ದು, ನಾಳೆ ನೋಡೋಣ ಅಂದು ಬಸ್ ಹಿಡ್ದೆ. ಬೆಳಿಗ್ಗೆ ಬಂದ್ರೆ ಅವನಿಲ್ಲ."

ತನಿಖೆಯಲ್ಲಿ ಅವರ ತಪ್ಪೇನೂ ಕಾಣಲಿಲ್ಲ. ರಿಜಿಸ್ಟರ್ ಸರಿಯಾಗಿಯೇ ಇತ್ತು.

ಉಳಿದ ಪಾಠ ಬೇಗ ಮುಗಿಯುತ್ತದೆ. ಉತ್ತರ ಹೌದು ಎಂದಾದರೆ ಒಬ್ಬರನ್ನೇ ಬಿಡಬಾರದು, ವೈದ್ಯರನ್ನು ಕರೆಸಬೇಕು, ಮನೆಯವರೊಂದಿಗೆ ಮಾತಾಡಿಸಬೇಕು. ಮುಂದಿನ ಪಾಳಿಯವರಿಗೆ ಬರೆದಿಟ್ಟರೆ ಸಾಲದು, ಎದುರು ನಿಂತು ಹೇಳಿಯೇ ಹೊರಡಬೇಕು. ಒಂಬತ್ತೂವರೆಗೆ ಎಲ್ಲರೂ ಡ್ಯೂಟಿಗೆ ಓಡುತ್ತಾರೆ. ಜಯಶೀಲಾ ಲೋಟಗಳನ್ನು ಆಯ್ದು, ಸ್ಟೂಲುಗಳನ್ನು ಗೋಡೆಗೆ ಸರಿಸುತ್ತಾರೆ.

ಮೂರು ವಾರದ ನಂತರ ಗೊಟ್ಟಿಗೆರೆಯ ಅವರ ಮನೆಯಲ್ಲಿ ನಾವು ಕೂತಿರುವಾಗ ಜಯಶೀಲಾ ಅವರಿಗೆ ಮೌನೇಶರ ಫೋನು ಬರುತ್ತದೆ; ಸ್ಪೀಕರ್ ಹಾಕುತ್ತಾರೆ. "ಮೇಡಂ, ಹಿಂದಿನ ವಾರ ಒಬ್ಬರನ್ನ ಕೇಳಿದೆ. ಹೌದು ಅಂದ್ರು. ಕುಂತು ಮಾತಾಡಿದ್ವಿ. ಡಾಕ್ಟರ್ ನೋಡಾಕತ್ತಾರ. ನಿನ್ನೆ ಅವರ ತಮ್ಮ ಭೇಟಿಗೆ ಬಂದಿದ್ದ, ಊಟ ಮಾಡಾಕತ್ತಾರ ಈಗ."

"ಬಸ್ಸು?"

"ತಪ್ತು ಮೇಡಂ."

"ತಪ್ಪಲಿ ಬಿಡು."

ಆ ಕೈದಿ ಇನ್ನೇನು ಹೇಳಿದ ಎಂದು ಜಯಶೀಲಾ ಕೇಳುವುದಿಲ್ಲ. ಅದು ಅವರಿಬ್ಬರ ನಡುವಿನ ಮಾತು. ಫೋನನ್ನು ಟೀಪಾಯಿ ಮೇಲಿಟ್ಟು, ಸೀರೆಯ ಅಂಚಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ.

"ಮೌನೇಶನಿಗೆ ಬಸ್ ತಪ್ತು, ಆ ಮನುಷ್ಯ ಉಳ್ಕೊಂಡ," ಎನ್ನುತ್ತಾರೆ. "ನಂಗೆ ಅವತ್ತು ಬಸ್ ಸಿಕ್ಕಿತ್ತು. ಕೂರೋಕೆ ಸೀಟೂ ಸಿಕ್ಕಿತ್ತು."